ಬಸವನಹುಳುವಿನ ಜತೆ ಅರ್ಧ ಗಂಟೆ

ರಾತ್ರಿಯಿಡೀ ಸುರಿದ ಮುಂಗಾರು ಮಳೆ ಬೆಳಗಿನ ಜಾವ ನಿಂತಿದೆ. ತುಂಗಭದ್ರೆಯ ದಂಡೆಯ ಮುಕ್ಕುಂದದಂಥ ಊರಿನಲ್ಲಿ ಇಂಥ ಬೆಳಗು ಎಂದರೆ ಚಪ್ಪಲಿಗೆ ಮೆತ್ತಿಕೊಳ್ಳುವ ಎರೆ ಮಣ್ಣು, ಹೊಲದ ಕಡೆ ಹೊರಟ ಟ್ರ್ಯಾಕ್ಟರುಗಳ ಸದ್ದು, ಅಂಗನವಾಡಿಗೆ ಮಕ್ಕಳನ್ನು ಬಿಟ್ಟು ಕೂಲಿಗೆ ಓಡಬೇಕಾದ ತಾಯಂದಿರ ಗಡಿಬಿಡಿ. ಆ ಗಡಿಬಿಡಿಯ ನಡುವೆ ಒಂದು ಮಗು ಅಮ್ಮನ ಕೈ ಬಿಡಿಸಿಕೊಂಡು ಹಸಿ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಡುತ್ತದೆ. ಗೋಡೆಯ ಮೇಲೆ ಬಸವನಹುಳು ಏರುತ್ತಿದೆ.

“ಅವ್ವಾ, ಇದು ಎಲ್ಲಿಗಿ ಹೊಂಟೈತಿ?”

“ಲಗೂ ನಡೀ, ಹೊತ್ತಾತು.”

ಅಮ್ಮನ ಅವಸರ ತಪ್ಪಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಸಿಗುವ ಜಾಗ ಮುಂದೆ ಎಲ್ಲೂ ಇರುವುದಿಲ್ಲ ಎಂಬುದು ಬೇಸರದ ಮಾತು. ಅಂಗನವಾಡಿಯ ಗೋಡೆಯಲ್ಲಿ ಹುಲಿ, ಸಿಂಹ, ಆನೆ, ಜಿರಾಫೆಯ ಚಿತ್ರಗಳಿರುತ್ತವೆ. ಮಗು ಅವುಗಳ ಹೆಸರು ಹೇಳಲು ಕಲಿಯುತ್ತದೆ, ಮನೆಗೆ ಬಂದವರೆದುರು ಒಪ್ಪಿಸುತ್ತದೆ. ತಾನು ದಿನಾ ದಾಟಿ ಬರುವ ಗೋಡೆಯ ಮೇಲೆ, ಒಡ್ಡಿನ ಹಸಿಯಲ್ಲಿ, ಹೊಲದ ಬೇಲಿಯಲ್ಲಿ ಇರುವ ಜೀವಗಳು ಪಾಠದ ಹೊರಗೇ ಉಳಿಯುತ್ತವೆ. ಅವುಗಳಲ್ಲೂ ಮೆಲ್ಲಗೆ ನಡೆಯುವ ಜೀವಗಳು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಸಿಗಬಹುದಾದ ಅತ್ಯುತ್ತಮ ಮೇಷ್ಟ್ರುಗಳು ಎಂದು ನಾನು ನಂಬುತ್ತೇನೆ. ಕಾರಣ ಬಲು ಸರಳ. ಗುಬ್ಬಿ ತೋರಿಸುವಷ್ಟರಲ್ಲಿ ಹಾರಿಹೋಗುತ್ತದೆ, ಅಳಿಲು ಮರ ಹತ್ತಿಬಿಡುತ್ತದೆ. ಬಸವನಹುಳು ಮಗುವಿನ ಕಣ್ಣು ನೋಡಿ ಮುಗಿಸುವ ತನಕ ಅಲ್ಲೇ ಇರುತ್ತದೆ.

ಕಥೆಯ ಆಮೆ, ಕಲ್ಲಿನ ಆಮೆ

ನಮ್ಮ ಮಕ್ಕಳಿಗೆ ನಿಧಾನದ ಪ್ರಾಣಿ ಮೊದಲು ಸಿಗುವುದು ಕಥೆಯಲ್ಲಿ. ಈಸೋಪನ ಆಮೆ ಮೊಲವನ್ನು ಸೋಲಿಸುತ್ತದೆ. ಪಂಚತಂತ್ರದ ಆಮೆ ಹಂಸಗಳು ಹಿಡಿದ ಕೋಲು ಕಚ್ಚಿ ಹಾರುತ್ತ, ಬಾಯಿ ತಡೆಯಲಾರದೆ ಮಾತಾಡಿ ಬಿದ್ದು ಸಾಯುತ್ತದೆ. ಎರಡೂ ಒಳ್ಳೆಯ ಕಥೆಗಳು, ಹೇಳಲೇಬೇಕಾದವು. ಆದರೆ ಎರಡರಲ್ಲೂ ಆಮೆಯ ವೇಷ ತೊಟ್ಟವನು ಮನುಷ್ಯ. ಆಮೆ ಏನು ತಿನ್ನುತ್ತದೆ, ಚಿಪ್ಪು ಯಾಕಿದೆ, ಅದಕ್ಕೆ ಅವಸರ ಯಾಕಿಲ್ಲ ಎನ್ನುವುದನ್ನು ಕಥೆ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಈ ಭಾಗದ ಮಕ್ಕಳಿಗೆ ಇನ್ನೊಂದು ಆಮೆ ಗೊತ್ತು. ಹಳೆಯ ಶಿವಾಲಯಗಳಲ್ಲಿ ಗರ್ಭಗುಡಿಯ ಮುಂದೆ, ನೆಲದ ಕಲ್ಲಿನಲ್ಲೇ ಕೆತ್ತಿದ ಕೂರ್ಮ. ಹಿರಿಯರು ಅದಕ್ಕೆ ಕೈಮುಗಿದು ಒಳಗೆ ಹೋಗುತ್ತಾರೆ, ಮಕ್ಕಳು ಅದರ ಬೆನ್ನು ಸವರಿ ನೋಡುತ್ತಾರೆ. ಶತಮಾನಗಳ ಹಿಂದಿನ ಕಲ್ಲುಕುಟಿಗ ನಾಲ್ಕು ಕಾಲು, ತಲೆ, ಬಾಲ, ಚಿಪ್ಪಿನ ಅಂಚನ್ನು ತಕ್ಕಮಟ್ಟಿಗೆ ಸರಿಯಾಗಿ ಕೆತ್ತಿರುತ್ತಾನೆ. ಅಂದರೆ ಅವನು ಆಮೆಯನ್ನು ನೋಡಿದ್ದ. ಇಂದಿನ ಬಹಳಷ್ಟು ಮಕ್ಕಳು ಜೀವಂತ ಆಮೆಯನ್ನು ನೋಡುವುದು ಮೊಬೈಲಿನ ಕಾರ್ಟೂನಿನಲ್ಲಿ, ಅಲ್ಲಿ ಆಮೆ ಅಂಗಿ ಕಳಚಿದ ಹಾಗೆ ಚಿಪ್ಪು ಕಳಚಿ ಹೊರಗೆ ಬರುತ್ತದೆ! ಮಕ್ಕಳು ಅದನ್ನೇ ನಿಜವೆಂದು ತಿಳಿಯುತ್ತಾರೆ. ಆಮೆಯ ಬೆನ್ನೆಲುಬು, ಪಕ್ಕೆಲುಬುಗಳೇ ಚಿಪ್ಪಿನ ಜತೆ ಬೆಸೆದುಕೊಂಡಿವೆ. ಅದು ಚಿಪ್ಪಿನಿಂದ ಹೊರಬರುವುದೆಂದರೆ ನಾವು ನಮ್ಮ ಎದೆಗೂಡಿನಿಂದ ಹೊರಬರುವುದು. ಚಿಪ್ಪನ್ನು ಮುಟ್ಟಿದರೂ ಅದಕ್ಕೆ ತಿಳಿಯುತ್ತದೆ. ಕೋಲಿನಿಂದ ಬಡಿದರೆ ನೋಯುತ್ತದೆ ಎಂಬುದನ್ನು ಐದು ವರ್ಷದ ಮಗುವಿಗೆ ಇದರ ಮೇಲೆಯೇ ಹೇಳಬಹುದು.

ನಿಧಾನ ಯಾಕೆ?

ಮಕ್ಕಳು ಕೇಳುವ ಮೊದಲ ಪ್ರಶ್ನೆ ಇದು. “ಸೋಮಾರಿ, ಅದಕ್ಕೆ” ಎನ್ನುವುದು ನಾವು ಕೊಡುವ ಕೆಟ್ಟ ಉತ್ತರ. ಸರಿಯಾದ ಉತ್ತರವೂ ಕಷ್ಟದ್ದಲ್ಲ: ಅದರ ಊಟ ಓಡುವುದಿಲ್ಲ, ಅದಕ್ಕೇ ಅದೂ ಓಡುವುದಿಲ್ಲ. ಎಲೆ, ಹುಲ್ಲು, ಪಾಚಿ, ಕೊಳೆತ ಸೊಪ್ಪು ಇದ್ದಲ್ಲೇ ಇರುತ್ತವೆ. ಬೆನ್ನಟ್ಟಿ ಹಿಡಿಯುವ ಕೆಲಸವಿಲ್ಲ.

ಎಲೆ, ಹುಲ್ಲಿನಲ್ಲಿ ಬಲವೂ ಕಡಿಮೆ. ಅದನ್ನೇ ತಿಂದು ಬದುಕುವವರು ಆ ಬಲವನ್ನು ಜೋಪಾನವಾಗಿ ಖರ್ಚು ಮಾಡಬೇಕು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳ ಸ್ಲಾತ್ ಇದರ ತುತ್ತತುದಿ. ಎಲೆ ತಿಂದು ಮರದಲ್ಲಿ ನೇತಾಡುವ ಅದು ಮಲವಿಸರ್ಜನೆಗೆಂದು ನೆಲಕ್ಕಿಳಿಯುವುದೂ ವಾರಕ್ಕೊಮ್ಮೆ. ಇನ್ನು ಆಮೆ, ಗೋಸುಂಬೆಗಳಂಥವು ಮೈಯ ಕಾವನ್ನು ಒಳಗೇ ಹುಟ್ಟಿಸಿಕೊಳ್ಳಲಾರವು, ಬಿಸಿಲಿನಿಂದ ಪಡೆಯಬೇಕು. ಬೆಳಗಿನ ತಂಪಿನಲ್ಲಿ ಮತ್ತಷ್ಟು ನಿಧಾನ, ಬಿಸಿಲು ಕಾದ ಮೇಲೆ ತುಸು ಚುರುಕು. ಓಡಿ ತಪ್ಪಿಸಿಕೊಳ್ಳಲಾಗದ ಜೀವಕ್ಕೆ ಬೇರೆ ರಕ್ಷಣೆ ಬೇಕಲ್ಲ? ಒಂದಕ್ಕೆ ಚಿಪ್ಪು, ಒಂದಕ್ಕೆ ಕೆಟ್ಟ ವಾಸನೆಯ ರಸ, ಒಂದಕ್ಕೆ ಎಲೆಯ ಬಣ್ಣ. ಮಗುವಿಗೆ ಇಷ್ಟು ಗೊತ್ತಾದರೆ ಯಾವ ಹೊಸ ಪ್ರಾಣಿ ಕಂಡರೂ “ಇದೇನು ತಿಂತೈತಿ? ಇದನ್ನ ಯಾರು ತಿಂತಾರ?” ಎಂದು ತಾನೇ ಕೇಳತೊಡಗುತ್ತದೆ. ದೊಡ್ಡ ತರಗತಿಗಳ ಜೀವವಿಜ್ಞಾನ ಶುರುವಾಗುವುದೂ ಈ ಎರಡು ಪ್ರಶ್ನೆಗಳಿಂದಲೇ.

ಗೇಣು ದಾರಿಗೆ ನಾಲ್ಕು ನಿಮಿಷ

ಬಸವನಹುಳುವಿನ ಪಾಠಕ್ಕೆ ಬೇಕಾಗುವುದು ಒಂದು ಸೀಮೆಸುಣ್ಣ, ಒಂದು ಹಸಿ ಬಂಡೆ. ಮಕ್ಕಳು ಸುತ್ತ ಕೂರಲಿ. ಹುಳು ಈಗ ಇರುವಲ್ಲಿ ಟೀಚರ್ ಒಂದು ಗೆರೆ ಎಳೆಯಲಿ. ಎಲ್ಲರೂ ಒಂದು ಹಾಡು ಹಾಡಿ ಮುಗಿಸಿದ ಮೇಲೆ ಇನ್ನೊಂದು ಗೆರೆ. ಮತ್ತೊಂದು ಹಾಡು, ಮತ್ತೊಂದು ಗೆರೆ. ಸಾಮಾನ್ಯ ತೋಟದ ಬಸವನಹುಳು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸಾಗುತ್ತದೆ. ದೊಡ್ಡವರ ಒಂದು ಗೇಣು ದಾಟಲು ನಾಲ್ಕು ನಿಮಿಷದ ಹತ್ತಿರ ಬೇಕು. ಮಕ್ಕಳು ತಮ್ಮ ಪುಟ್ಟ ಗೇಣಿನಿಂದ ಅಳೆಯಲಿ. ಒಬ್ಬೊಬ್ಬರ ಗೇಣೂ ಒಂದೊಂದು ಅಳತೆ ಎಂಬ ಜಗಳ ಶುರುವಾಗುತ್ತದೆ, ಆಗಲಿ. ಅಳತೆಪಟ್ಟಿ ಯಾಕೆ ಬೇಕು ಎಂಬುದು ಆ ಜಗಳದಲ್ಲೇ ಅರ್ಥವಾಗುತ್ತದೆ. ಹಾಡು, ಎಣಿಕೆ, ಅಳತೆ, ಕಾಲ, ಎಲ್ಲವೂ ಒಂದು ಹುಳುವಿನ ಬೆನ್ನ ಹಿಂದೆ ಬಂದವು.

ನಂತರ ಹುಳು ತಾನಾಗಿ ಒಂದು ಗಾಜಿನ ಹಲಗೆಗೆ ಹತ್ತುವಂತೆ ಮಾಡಿ. ಹಳೆಯ ಫೋಟೊ ಫ್ರೇಮಿನ ಗಾಜು ಸಾಕು, ಅಂಚಿಗೆ ಟೇಪು ಸುತ್ತಿರಲಿ. ಗಾಜನ್ನು ಎತ್ತಿ ಹಿಡಿದು ಕೆಳಗಿನಿಂದ ನೋಡಿದರೆ ಅದರ ಒಂದೇ ಒಂದು ಅಗಲ ಪಾದ ಕಾಣುತ್ತದೆ. ಪಾದದುದ್ದಕ್ಕೂ ಸಣ್ಣ ಸಣ್ಣ ಅಲೆಗಳು ಒಂದರ ಹಿಂದೊಂದು ಸರಿಯುತ್ತಿರುತ್ತವೆ. ಸ್ನಾಯು ಕುಗ್ಗಿ ಹಿಗ್ಗುವ ಆ ಅಲೆಗಳೇ ಅದರ ನಡಿಗೆ. ಪಾದದಡಿ ಅದು ಸುರಿಸುವ ಲೋಳೆ ಒಮ್ಮೆ ಅಂಟು, ಒಮ್ಮೆ ಜಾರು. ಹಾಗಾಗಿ ಗೋಡೆಯನ್ನು ನೆಟ್ಟಗೆ ಏರಿದರೂ ಬೀಳದು, ಹರಿತವಾದ ಅಂಚಿನ ಮೇಲೆ ಹೋದರೂ ಮೈ ಕೊಯ್ಯದು. ಈ ಲೋಳೆ ಮಾಡಲು ಮೈಯ ನೀರು ಖರ್ಚಾಗುತ್ತದೆ. ಮಳೆ ಬಂದಾಗಲೇ ಬಸವನಹುಳು ಸಂಚಾರಕ್ಕೆ ಬರುವುದು ಇದಕ್ಕಾಗಿ.

ತಲೆಯ ಮೇಲೆ ಎರಡು ಜೋಡಿ ಕೊಂಬು. ಮೇಲಿನ ಉದ್ದ ಜೋಡಿಯ ತುದಿಯಲ್ಲಿ ಕರಿ ಚುಕ್ಕೆಯಂಥ ಕಣ್ಣು. ಬೆಳಕು, ನೆರಳು ತಿಳಿಯುವಷ್ಟು ನೋಟ. ಕೆಳಗಿನ ಗಿಡ್ಡ ಜೋಡಿ ನೆಲ ಮುಟ್ಟಿ ರುಚಿ, ವಾಸನೆ ತಿಳಿಯುತ್ತದೆ. ಬಾಯೊಳಗೆ ಸಾವಿರಾರು ಅತಿಸಣ್ಣ ಹಲ್ಲುಗಳಿರುವ ಪಟ್ಟಿಯಿದೆ, ಎಲೆಯನ್ನು ಅದು ತುರಿದು ತಿನ್ನುತ್ತದೆ. ಚಿಪ್ಪಿನ ಅಂಚಿನ ಬಳಿ ಮೈಮೇಲೆ ಒಂದು ಸಣ್ಣ ತೂತು ತೆರೆದು ಮುಚ್ಚುವುದನ್ನು ತಾಳ್ಮೆಯಿಂದ ನೋಡಿದರೆ ಅದು ಉಸಿರಾಡುವುದೂ ಕಾಣುತ್ತದೆ. ಮಕ್ಕಳು ಇದನ್ನು ದೊಡ್ಡವರಿಗಿಂತ ಮೊದಲೇ ಕಂಡುಹಿಡಿಯುತ್ತಾರೆ, ಅವರ ಕಣ್ಣು ನೆಲಕ್ಕೆ ಹತ್ತಿರ.

ಬೇಸಿಗೆಯಲ್ಲಿ ಏನಾಗುತ್ತದೆ? ರಾಯಚೂರು ಸೀಮೆಯ ಏಪ್ರಿಲ್, ಮೇ ತಿಂಗಳ ಬಿಸಿಲು ಯಾರಿಗೂ ಹೇಳಬೇಕಾಗಿಲ್ಲ. ಬಸವನಹುಳು ಗೋಡೆಯ ಬಿರುಕಿನಲ್ಲೋ ಕಲ್ಲಿನಡಿಯಲ್ಲೋ ಸೇರಿ, ಚಿಪ್ಪಿನ ಬಾಯಿಗೆ ತನ್ನದೇ ಲೋಳೆಯ ಒಣ ಪರದೆ ಕಟ್ಟಿಕೊಂಡು ಮಲಗಿಬಿಡುತ್ತದೆ. ಆಗ ಸಿಕ್ಕ ಚಿಪ್ಪನ್ನು ಸತ್ತಿದೆಯೆಂದು ಎಸೆಯುವ ಮುನ್ನ ಬಾಯಿ ಮುಚ್ಚಿದೆಯೋ ತೆರೆದಿದೆಯೋ ಎಂದು ನೋಡಲು ಮಕ್ಕಳಿಗೆ ಹೇಳಿಕೊಡಬೇಕು. ಮುಚ್ಚಿದ್ದರೆ ಸಿಕ್ಕಲ್ಲೇ ಇಡುವುದು.

ಇಲ್ಲಿ ಎರಡು ಎಚ್ಚರಿಕೆಗಳಿವೆ, ಇವನ್ನು ಹಗುರ ಮಾಡಬಾರದು. ರಾಜ್ಯದ ತೋಟಗಳಿಗೆ, ಕೊಡಗಿನ ಕಾಫಿ ತೋಟಗಳಿಗೂ ಕಾಟ ಕೊಟ್ಟಿರುವ ಆಫ್ರಿಕದ ದೈತ್ಯ ಬಸವನಹುಳು ನಮ್ಮ ನೆಲದ್ದಲ್ಲ. 1847ರಲ್ಲಿ ಮಾರಿಷಸ್‌ನಿಂದ ಕೋಲ್ಕತ್ತಕ್ಕೆ ತಂದು ಬಿಟ್ಟದ್ದು ದೇಶವಿಡೀ ಹರಡಿತು. ಅಂಗೈ ಉದ್ದದವರೆಗೆ ಬೆಳೆಯುವ, ಚೂಪು ತುದಿಯ ಕಂದು ಪಟ್ಟೆ ಚಿಪ್ಪಿನ ಈ ಹುಳು ಮಿದುಳಿಗೆ ತೊಂದರೆ ಕೊಡುವ ಒಂದು ಪರೋಪಜೀವಿಯನ್ನು ಹೊತ್ತಿರಬಹುದು. ದೊಡ್ಡ ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟುವುದು ಬೇಡ. ಯಾವ ಹುಳು ನೋಡಿದ ಮೇಲೂ ಸೋಪು ಹಚ್ಚಿ ಕೈತೊಳೆಯುವುದು ಪಾಠದ ಕಡೆಯ ಭಾಗವಾಗಲಿ. ಇನ್ನೊಂದು, ಉಪ್ಪು. ಬಸವನಹುಳುವಿನ ಮೇಲೆ ಉಪ್ಪು ಹಾಕಿ ಅದು ನೊರೆ ಕಕ್ಕುವುದನ್ನು ನೋಡುವುದು ಹಳ್ಳಿಯ ಹುಡುಗರ ಹಳೆಯ ಆಟ. ಉಪ್ಪು ಅದರ ಮೈಯ ನೀರನ್ನೆಲ್ಲ ಹೀರಿ ಕೊಲ್ಲುತ್ತದೆ. ಬೈದು ಬಿಡಿಸುವುದಕ್ಕಿಂತ, ಲೋಳೆಗೆ ನೀರು ಎಷ್ಟು ಮುಖ್ಯ ಎಂದು ನೋಡಿ ತಿಳಿದ ಮಗುವಿಗೆ ಆ ಆಟ ತಾನಾಗಿ ಬೇಡವಾಗುತ್ತದೆ.

ಕಾಲು ಎಣಿಸುವ ಪಾಠ

ಮೊದಲ ಮಳೆಯ ಹಿಂದೆಯೇ ನೆಲದಿಂದ ಏಳುವ ಕೆಂಪು ಮಖಮಲ್ಲಿನ ಚೂರಿನಂಥ ಪುಟ್ಟ ಹುಳ ಹೊಲದ ಮಕ್ಕಳಿಗೆಲ್ಲ ಗೊತ್ತು. ಬೆಂಕಿಪೊಟ್ಟಣದಲ್ಲಿ ತುಂಬಿಟ್ಟುಕೊಳ್ಳುವುದೂ ಉಂಟು. ಅದರ ಕಾಲು ಎಣಿಸಲು ಹೇಳಿ. ಎಂಟು. ಇರುವೆಗೆ ಆರು. ಹಾಗಾದರೆ ಎಂಟು ಕಾಲಿನ ಇದು ಜೇಡ, ಚೇಳಿನ ಕಡೆಯ ನಂಟ. ಹೆಸರಿಲ್ಲದೆಯೇ ವರ್ಗೀಕರಣ ಶುರುವಾಯಿತು.

ಮಕ್ಕಳು ರೈಲು ಹುಳ ಎಂದು ಕರೆಯುವ ಸಹಸ್ರಪದಿಯೂ ಅದೇ ಕಾಲದಲ್ಲಿ ಕಾಣುತ್ತದೆ. ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಮೈಯ ಹೆಚ್ಚಿನ ಬಳೆಗಳಿಗೆಲ್ಲ ಎರಡೆರಡು ಜೋಡಿ ಕಾಲು. ಇಷ್ಟು ಕಾಲಿದ್ದೂ ನಿಧಾನ, ಏಕೆಂದರೆ ಅದರ ಊಟ ಉದುರಿದ ಎಲೆ. ಅದೇ ಕಲ್ಲಿನಡಿ ಸಿಗುವ ಜರಿಗೆ ಕಾಲು ಕಡಿಮೆ, ಬಳೆಗೊಂದೇ ಜೋಡಿ, ಆದರೆ ಸರ್ರನೆ ಓಡುತ್ತದೆ. ಅದು ಬೇಟೆಗಾರ, ಕಚ್ಚುತ್ತದೆ ಕೂಡ. ಊಟಕ್ಕೂ ಓಟಕ್ಕೂ ಇರುವ ನಂಟನ್ನು ಇಷ್ಟು ಚೆನ್ನಾಗಿ ತೋರಿಸುವ ಜೋಡಿ ಇನ್ನೊಂದಿಲ್ಲ. ಕಲ್ಲು ಮಗುಚುವ ಕೆಲಸ ಮಾತ್ರ ದೊಡ್ಡವರದು, ಕೆಳಗೆ ಚೇಳಿರಬಹುದು. ಸಹಸ್ರಪದಿಯನ್ನು ಮುಟ್ಟಿದ ಕೈ ಕಣ್ಣಿಗೆ ಹೋಗಬಾರದು, ಅದರ ರಸ ಉರಿಯುತ್ತದೆ. ಹೆಸರಿನಲ್ಲಿ ಸಾವಿರವಿದ್ದರೂ ನಿಜವಾಗಿ ಸಾವಿರ ಕಾಲು ದಾಟಿದ ಸಹಸ್ರಪದಿ ವಿಜ್ಞಾನಕ್ಕೆ ಗೊತ್ತಾದದ್ದು 2021ರಲ್ಲಿ, ಪಶ್ಚಿಮ ಆಸ್ಟ್ರೇಲಿಯದ ನೆಲದಾಳದಲ್ಲಿ. ಅದಕ್ಕೆ 1,306 ಕಾಲು. ಎಣಿಸಲು ಕಲಿಯುತ್ತಿರುವ ಮಗುವಿಗೆ ಇದಕ್ಕಿಂತ ಖುಷಿಯ ಸಂಖ್ಯೆ ಯಾವುದಿದೆ!

ಕಾಲೇ ಇಲ್ಲದ ಎರೆಹುಳುವಿನದು ಬೇರೆಯೇ ಚರಿತ್ರೆ. ಚಾರ್ಲ್ಸ್ ಡಾರ್ವಿನ್ ತನ್ನ ಕೊನೆಯ ಪುಸ್ತಕವನ್ನು ಬರೆದದ್ದು ಎರೆಹುಳುವಿನ ಮೇಲೆ, 1881ರಲ್ಲಿ, ಸಾಯುವುದಕ್ಕೆ ಕೆಲವೇ ತಿಂಗಳ ಮುಂಚೆ. ಜಗತ್ತಿನ ದೊಡ್ಡ ವಿಜ್ಞಾನಿ ಮನೆಯ ಕುಂಡಗಳಲ್ಲಿ ಎರೆಹುಳು ಸಾಕಿ, ಅವುಗಳ ಮುಂದೆ ಸೀಟಿ ಊದಿಸಿದ, ವಾದ್ಯ ನುಡಿಸಿದ, ಕೂಗಿದ. ಅವು ಕದಲಲಿಲ್ಲ. ಕುಂಡವನ್ನು ಪಿಯಾನೊ ಮೇಲಿಟ್ಟು ಸ್ವರ ಒತ್ತಿದಾಗ ಸರ್ರನೆ ಬಿಲಕ್ಕಿಳಿದವು. ಕಿವಿಯಿಲ್ಲ, ಆದರೆ ಕಂಪನ ತಿಳಿಯುತ್ತದೆ ಎಂದು ಗೊತ್ತಾಯಿತು. ಈ ಪ್ರಯೋಗದಲ್ಲಿ ಒಂದನೇ ತರಗತಿಯ ಮಕ್ಕಳು ಮಾಡಲಾಗದ್ದು ಏನೂ ಇಲ್ಲ. ಪಿಯಾನೊ ಬದಲು ಡೊಳ್ಳಿನ ಮೇಲೆ ಒಂದು ಕುಂಡ ಇಡಬಹುದು. ಎರೆಹುಳು ಚರ್ಮದಿಂದಲೇ ಉಸಿರಾಡುವುದರಿಂದ ಮಣ್ಣು ಹಸಿಯಾಗಿರಬೇಕು, ಬಿಸಿಲಿಗೆ ಇಡಬಾರದು, ಆಟ ಮುಗಿದ ಮೇಲೆ ಹಿತ್ತಲ ಮಣ್ಣಿಗೆ ಬಿಡಬೇಕು, ಅಷ್ಟೇ.

ಗೋಸುಂಬೆಗೆ ಕಲ್ಲು ಯಾಕೆ?

ನಿಧಾನದ ನಿಯಮಕ್ಕೆ ಗೋಸುಂಬೆ ಒಂದು ಅಪವಾದ. ಅದು ಹುಳ ಹಿಡಿದು ತಿನ್ನುವ ಬೇಟೆಗಾರ, ಆದರೂ ಒಂದು ಹೆಜ್ಜೆ ಮುಂದೆ ಇಟ್ಟು, ಮೈ ಹಿಂದಕ್ಕೂ ಮುಂದಕ್ಕೂ ತೂಗಿ, ಮತ್ತೊಂದು ಹೆಜ್ಜೆ ಇಡುತ್ತದೆ. ಗಾಳಿಗೆ ಎಲೆ ಆಡಿದಂತೆ ಕಾಣುವ ಆ ತೂಗಾಟವೇ ಅದರ ಮರೆ. ಎರಡು ಕಣ್ಣು ಎರಡು ದಿಕ್ಕಿಗೆ ತಿರುಗುತ್ತವೆ. ಕಾಲ್ಬೆರಳುಗಳು ಎರಡು ಗುಂಪಾಗಿ ಕೊಂಬೆಯನ್ನು ಇಕ್ಕಳದಂತೆ ಹಿಡಿಯುತ್ತವೆ. ಓಡುವ ಕೆಲಸವನ್ನೆಲ್ಲ ನಾಲಿಗೆಗೆ ವಹಿಸಿ ಉಳಿದ ಮೈ ಸುಮ್ಮನಿದೆ.

ಅದು ವಿಷದ್ದು, ಅಪಶಕುನದ್ದು ಎಂಬ ನಂಬಿಕೆಯಿಂದ ಬೇಲಿಯಲ್ಲಿ ಕಂಡರೆ ಕಲ್ಲು ಹೊಡೆಯುವುದು ನಡೆದೇ ಇದೆ. ಗೋಸುಂಬೆಗೆ ವಿಷವಿಲ್ಲ. ಬಣ್ಣ ಬದಲಿಸುವುದೂ ಮೋಸಕ್ಕಲ್ಲ. ಸಿಟ್ಟು, ಹೆದರಿಕೆ, ಬಿಸಿಲು, ನೆರಳು, ಜೊತೆಗಾರರಿಗೆ ಕೊಡುವ ಸೂಚನೆ, ಎಲ್ಲವೂ ಅದರ ಚರ್ಮದ ಮೇಲೆ ಮೂಡುತ್ತವೆ. ಕಲ್ಲು ಎತ್ತುವ ಕೈ ಏಳು ವರ್ಷದ್ದಾಗಿದ್ದರೆ ಅದನ್ನು ಇಳಿಸುವುದು ಸುಲಭ, ಇಪ್ಪತ್ತರದ್ದಾದರೆ ಕಷ್ಟ. ಚಿಕ್ಕ ಮಕ್ಕಳಿಗೆ ಈ ಪಾಠ ಬೇಕು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ದಕ್ಷಿಣದ ತುಮಕೂರು ಸೀಮೆಯಲ್ಲಿ ರಾತ್ರಿ ಹೊತ್ತು ಕೊಂಬೆಯಿಂದ ಕೊಂಬೆಗೆ ಮೆಲ್ಲಗೆ ಸರಿಯುವ ಕಾಡುಪಾಪದ ಕಥೆಯೂ ಇಂಥದ್ದೇ. ದೊಡ್ಡ ಕಣ್ಣಿನ ಆ ನಿರುಪದ್ರವಿಯನ್ನು ಮಾಟ ಮಂತ್ರದ ಹೆಸರಿನಲ್ಲಿ ಹಿಡಿದು ಹಿಂಸಿಸಿದ್ದಾರೆ.

ಹೊಳೆಯ ಆಮೆ, ಹೊಲದ ಆಮೆ

ಮುಕ್ಕುಂದದ ಮಕ್ಕಳಿಗೆ ಆಮೆ ದೂರದ ಪ್ರಾಣಿಯಲ್ಲ. ತುಂಗಭದ್ರೆಯಲ್ಲಿ ಮೆತ್ತನೆ ಚಿಪ್ಪಿನ ಆಮೆಗಳಿವೆ. ಲೀಥ್ಸ್ ಎಂದು ಕರೆಯುವ ಜಾತಿ ಪರ್ಯಾಯದ್ವೀಪ ಭಾರತದ ನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದು ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಹೊಳೆಯ ಮೇಲ್ಭಾಗದಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ನೀರುನಾಯಿಗೆ ಸಿಕ್ಕ ರಕ್ಷಣೆ ಅಲ್ಲಿನ ಆಮೆಗಳಿಗೂ ನೆರಳು. ಇನ್ನೊಂದು ಜಾತಿ ಕೆರೆ, ಕಾಲುವೆ, ನೆಲ್ಲಿನ ಗದ್ದೆಗಳಲ್ಲೂ ಬಾಳುತ್ತದೆ. ಹಿಂಗಾಲು ಒಳಗೆಳೆದುಕೊಂಡಾಗ ಅವನ್ನು ಮುಚ್ಚುವ ಚರ್ಮದ ರೆಕ್ಕೆ ಅದರ ಗುರುತು. ನೀರು ಬತ್ತಿದರೆ ಕೆಸರಿನಲ್ಲಿ ಹೂತುಕೊಂಡು ಮುಂದಿನ ನೀರಿಗೆ ಕಾಯುತ್ತದೆ.

ಇಲ್ಲಿ ಮಕ್ಕಳಿಗೆ ಒಂದು ಅಚ್ಚರಿ ಇಡಬಹುದು: ಹೊಳೆಯ ಆಮೆ ನಿಧಾನದ ಪ್ರಾಣಿಯೇ ಅಲ್ಲ. ನೆಲದ ಮೇಲೆ ಕಾಲೆಳೆಯುವ ಅದು ನೀರಿಗಿಳಿದರೆ ಜಾಲಪಾದದಿಂದ ಮೀನಿನ ಬೆನ್ನಟ್ಟುತ್ತದೆ. ಉದ್ದ ಕತ್ತು ಚಾಚಿ ಜೋರಾಗಿ ಕಚ್ಚುತ್ತದೆ. ಯಾರು ನಿಧಾನ ಎಂಬುದು ಎಲ್ಲಿ ನೋಡುತ್ತೇವೆ ಎಂಬುದರ ಮೇಲೆ ನಿಂತಿದೆ.

ಒಣಭೂಮಿಯ ನಕ್ಷತ್ರ ಆಮೆ ಮಾತ್ರ ಎಲ್ಲಿ ನೋಡಿದರೂ ನಿಧಾನ. ಕರಿ ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ ಹರಡಿರುತ್ತವೆ. ಬಿಡಿಸಿ ನೋಡಿದರೆ ಚೆಲುವಾದ ಆ ಗೆರೆಗಳು ಒಣ ಹುಲ್ಲಿನ ನಡುವೆ ಅದನ್ನು ಕಾಣದಂತೆ ಮಾಡುತ್ತವೆ. 1994ರಲ್ಲಿ ಕರಡಿಗಳಿಗಾಗಿ ಘೋಷಿಸಿದ ಹೊಸಪೇಟೆ ಬಳಿಯ ದರೋಜಿ ಧಾಮದ ಬಂಡೆ, ಕುರುಚಲು ಕಾಡಿನಲ್ಲಿ ಅದು ಇದೆ. ಮನೆಯಲ್ಲಿಟ್ಟರೆ ಅದೃಷ್ಟ ಎಂಬ ಮೂಢನಂಬಿಕೆ, ವಿದೇಶಗಳ ಸಾಕುಪ್ರಾಣಿ ಮಾರುಕಟ್ಟೆ, ಎರಡೂ ಸೇರಿ ಅದನ್ನು ಚೀಲಗಳಲ್ಲಿ ತುಂಬಿ ಸಾಗಿಸುವ ದಂಧೆ ಬೆಳೆಸಿವೆ. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಬಹುತೇಕ ಪೂರ್ತಿ ನಿಷೇಧಿಸಲಾಯಿತು. ನಮ್ಮ ಕಾನೂನಿನಲ್ಲಿ ಅದನ್ನು ಹಿಡಿಯುವುದು, ಸಾಕುವುದು ಅಪರಾಧ. ಶಾಲೆಯಲ್ಲಿ ತೋರಿಸಲೆಂದು ತಂದಿಟ್ಟುಕೊಳ್ಳುವುದಕ್ಕೂ ಅವಕಾಶವಿಲ್ಲ.

ಆಮೆಯನ್ನು ಕೊಲ್ಲಬಾರದು ಎಂಬ ಕಾನೂನು ಹೊಸದೇನಲ್ಲ. ನೆರೆಯ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರು ಸ್ಪಷ್ಟವಾಗಿತ್ತು. ದೇವಾನಾಂಪ್ರಿಯ ಎಂದು ಕರೆದುಕೊಂಡ ರಾಜ ಅಶೋಕನೇ ಎಂದು ಗಟ್ಟಿಯಾದದ್ದು ಅದರಿಂದ. ಅದೇ ಅಶೋಕ ಉತ್ತರ ಭಾರತದ ಸ್ತಂಭಶಾಸನವೊಂದರಲ್ಲಿ, ಪಟ್ಟಕ್ಕೇರಿದ ಇಪ್ಪತ್ತಾರು ವರ್ಷಗಳ ಮೇಲೆ, ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಕೊಟ್ಟಿದ್ದಾನೆ. ಗಿಳಿ, ಗೊರವಂಕ, ಬಾವಲಿಗಳ ಜತೆ ಅದರಲ್ಲಿ ಆಮೆಯೂ ಇದೆ. ಮಸ್ಕಿಗೆ ಪ್ರವಾಸ ಕರೆದೊಯ್ಯುವ ಶಿಕ್ಷಕರು ಇದನ್ನು ಅಲ್ಲೇ ಹೇಳಬೇಕು. ಇತಿಹಾಸದ ರಾಜ ಮಕ್ಕಳಿಗೆ ಒಮ್ಮೆಗೇ ಹತ್ತಿರವಾಗುತ್ತಾನೆ.

ಓಡಲಾರದವರ ಕಷ್ಟ

ಸಿಂಧನೂರಿನ ಸುತ್ತಲಿನ ನೆಲ ಒಂದು ಕಾಲಕ್ಕೆ ಜೋಳ, ಹತ್ತಿಯ ಒಣಭೂಮಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತದ ಕಣಜವಾಯಿತು. ನೀರು ಬಂದಲ್ಲಿ ನೀರಿನ ಜೀವಗಳೂ ಬಂದವು. ಹಿಂದೆಯೇ ಕೀಟನಾಶಕವೂ ಬಂತು. ಔಷಧ ಹೊಡೆಯುವಾಗ ಕೊಕ್ಕರೆ ಹಾರಿಹೋಗುತ್ತದೆ, ಬಸವನಹುಳು ಅಲ್ಲೇ ಇರುತ್ತದೆ. ಕೊಯ್ಲಾದ ಮೇಲೆ ಹುಲ್ಲಿಗೆ ಬೆಂಕಿ ಇಟ್ಟರೆ ಮೊಲ ಓಡುತ್ತದೆ, ಆಮೆ ಓಡುವುದಿಲ್ಲ. ರಸ್ತೆ ದಾಟುವ ಗೋಸುಂಬೆ ಲಾರಿಗೆ ಸಿಕ್ಕುವುದು ಹೀಗೇ. ಹೊಳೆಯ ಮರಳು ತೆಗೆದರೆ ಆಮೆ ಮೊಟ್ಟೆಯಿಡುವ ಜಾಗವೇ ಹೋಗುತ್ತದೆ. ಲಕ್ಷಾಂತರ ವರ್ಷ ಸಾಕಾಗಿದ್ದ ಚಿಪ್ಪು, ಬಣ್ಣ, ವಾಸನೆಯ ರಕ್ಷಣೆಗಳಿಗೆ ನಾವು ತಂದ ವೇಗದ ಲೆಕ್ಕ ಗೊತ್ತಿರಲಿಲ್ಲ.

ಆರು ವರ್ಷದ ಮಗುವಿನ ತಲೆಯ ಮೇಲೆ ಈ ಭಾರ ಹೊರಿಸುವುದು ಬೇಡ. ಅದಕ್ಕೆ ಹುಳು ಎಷ್ಟು ದೂರ ಹೋಯಿತು ಎನ್ನುವುದು ಸಾಕು. ಭಾರ ಹೊರಬೇಕಾದವರು ನಾವು.

ಎಲ್ಲಿ ಜಾಗ, ಯಾವಾಗ ಸಮಯ?

ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಅಂಗನವಾಡಿಗಳು ಕರ್ನಾಟಕಕ್ಕೆ ಬಂದದ್ದು 1975ರ ಅಕ್ಟೋಬರ್ 2ರಂದು, ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಊಟ, ಆರೋಗ್ಯದ ಜತೆ ಶಾಲಾಪೂರ್ವ ಶಿಕ್ಷಣ ಅವುಗಳ ಕೆಲಸದಲ್ಲಿ ಮೊದಲಿನಿಂದ ಇದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ಬಂತು. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯಲಿ ಎಂಬುದೇ ಅದರ ತಳಹದಿ. ಆ ತರಗತಿಗಳ ಪರಿಸರ ಅಧ್ಯಯನದಲ್ಲಿ ಪ್ರಾಣಿಗಳ ಪಾಠವೂ ಇದೆ. ಕಾರ್ಡಿನ ಮೇಲಿನ ಪ್ರಾಣಿಯನ್ನು ಗೋಡೆಯ ಬುಡದ ಪ್ರಾಣಿಗೆ ಜೋಡಿಸುವ ಅರ್ಧ ಗಂಟೆ ಮಾತ್ರ ಬೇಕು. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಕನ್ನಡದ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟ ತಂದು, ಜಗತ್ತನ್ನು ಮಗುವಿನ ಭಾಷೆಯಲ್ಲೇ ವಿವರಿಸಬಹುದೆಂದು ತೋರಿಸಿಕೊಟ್ಟರು. ಆ ದಾರಿ ನಮಗೆ ಹೊಸದಲ್ಲ.

ಟೀಚರ್‌ಗಳ ಕಷ್ಟ ನನಗೆ ಗೊತ್ತು. ಒಬ್ಬರ ಮೇಲೆ ತೂಕದ ಲೆಕ್ಕ, ಹಾಜರಿ, ಅಡುಗೆ, ಸಮೀಕ್ಷೆ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ, ಎಲ್ಲ ಬಿದ್ದಿವೆ. ಅಂಥವರಿಗೆ ಹುಳು ನೋಡಿಸಿ ಎಂದು ಹೇಳುವುದು ಸುಲಭ. ಆದರೂ ಹೇಳುತ್ತೇನೆ. ಇಪ್ಪತ್ತು ಮಕ್ಕಳು ತಾವಾಗಿ ಸುಮ್ಮನೆ ಕೂತು ಒಂದೇ ಕಡೆ ನೋಡುವ ಪಾಠ ಬೇರೆ ಯಾವುದಿದೆ? ನೋಡಿದ್ದನ್ನು ಮಣ್ಣಿನಲ್ಲಿ ಮಾಡಿಸಿ, ಸ್ಲೇಟಿನಲ್ಲಿ ಬರೆಸಿ, ಹುಳುವಿನ ಹಾಗೆ ನಡೆಸಿ ನೋಡಿ. ಸುಮ್ಮನೆ ನಿಧಾನವಾಗಿ ನಡೆಯುವುದು ಓಡುವುದಕ್ಕಿಂತ ಕಷ್ಟ ಎಂದು ಮಕ್ಕಳ ಕಾಲಿಗೇ ಗೊತ್ತಾಗುತ್ತದೆ, ಒಂಟಿಗಾಲಲ್ಲಿ ತೂಕ ತಡೆಯಬೇಕಲ್ಲ!

ಒಂದು ಮಾತು ನಿಷ್ಠುರವಾಗಿಯೇ ಹೇಳಬೇಕು. ತಡವಾಗಿ ಬರೆಯುವ ಮಗುವಿಗೆ “ಆಮೆ”, “ಎಮ್ಮೆ”, “ಬಸವನಹುಳು” ಎಂದು ಬೈಯುವ ಅಭ್ಯಾಸ ನಮ್ಮ ಮನೆಗಳಲ್ಲೂ ತರಗತಿಗಳಲ್ಲೂ ಇದೆ. ಕೂಡಲೇ ನಿಲ್ಲಿಸಬೇಕು. ಕೆಲವು ಮಕ್ಕಳ ಕೈ, ಮಾತು, ಕಾಲು ನಿಧಾನಕ್ಕೆ ಪಳಗುತ್ತವೆ. ಕೆಲವರಿಗೆ ವೈದ್ಯರ ನೆರವೂ ಬೇಕಾಗಬಹುದು. ಬೈಗುಳದಿಂದ ಯಾವ ಮಗುವಿನ ಕೈಯೂ ಚುರುಕಾಗಿಲ್ಲ. ಬಂಡೆಯ ಸುತ್ತ ಕೂತಾಗ ಇಂಥ ಮಕ್ಕಳೇ ಬಹಳ ಸಲ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುತ್ತಾರೆ, ಉಳಿದವರು ಕಾಣದ್ದನ್ನು ಕಾಣುತ್ತಾರೆ.

ಯಾವ ತಿಂಗಳು ಏನು ಎಂದು ಕೇಳುವವರಿಗೆ: ಜೂನಿನ ಮೊದಲ ಮಳೆಗೆ ಕೆಂಪು ಹುಳ, ಸಹಸ್ರಪದಿ, ಎರೆಹುಳು. ಜುಲೈ, ಆಗಸ್ಟಿನಲ್ಲಿ ಕಾಲುವೆಗೆ ನೀರು ಬಿಟ್ಟು ನೆಲ್ಲು ನಾಟಿ ನಡೆಯುವಾಗ ಗದ್ದೆಯ ನೀರಿನ ಬಸವನಹುಳು, ಅವು ಗಿಡದ ಮೇಲೆ ಇಟ್ಟ ಮೊಟ್ಟೆಯ ಗೊಂಚಲೂ ಕೆಲವೆಡೆ ಸಿಗುತ್ತದೆ. ಔಷಧ ಹೊಡೆದ ಗದ್ದೆಗೆ ಮಾತ್ರ ಮಕ್ಕಳನ್ನು ಇಳಿಸಬೇಡಿ. ಮಳೆಗಾಲ ಕಳೆದ ಮೇಲೆ ಬೇಲಿಯ ಗೋಸುಂಬೆ. ಹೊಳೆಯ ಆಮೆಗೆ ಡಿಸೆಂಬರ್, ಜನವರಿಯ ಎಳೆಬಿಸಿಲು ಹೊತ್ತು. ನೀರು ಇಳಿದು ಬಂಡೆಗಳು ತೇಲಿರುತ್ತವೆ, ಮೈ ಕಾಯಿಸಿಕೊಳ್ಳಲು ಅವು ಮೇಲೆ ಬರುತ್ತವೆ. ಚಿಕ್ಕವರನ್ನು ನೀರಿನಂಚಿಗೆ ಬಿಡದೆ, ಎತ್ತರದ ದಂಡೆಯ ಮೇಲೆ, ನಾಲ್ಕಾರು ಮಕ್ಕಳಿಗೆ ಒಬ್ಬ ಹಿರಿಯರಂತೆ ಕೂರಿಸಬೇಕು. ಜಲಾಶಯದಿಂದ ನೀರು ಬಿಡುವ ದಿನಗಳಲ್ಲಿ ಹೊಳೆಯ ಕಡೆ ಹೋಗುವುದೇ ಬೇಡ. ಆಮೆ ಕಂಡರೆ ಮೊದಲು ಕತ್ತು ಕಾಣುತ್ತದೆ. ಸದ್ದಾದರೆ ಕಲ್ಲಿನಿಂದ ಜಾರಿ ನೀರಿಗೆ ಬೀಳುತ್ತದೆ, ಮತ್ತೆ ಮೇಲೆ ಬರಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಹಾಗಾಗಿ ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು.